ಹಗ್ಗವನ್ನು ನಂಬುವ ವಿದ್ಯೆ

ಮಳೆ ಹಿಡಿಯುವ ಮುಂಚೆ ಹಿರಿಯಡ್ಕದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ; ಕಲಸಲು ಯಾರಿಗಾದರೂ ಬರುತ್ತದೆ. ಮರದ ತುದಿಯಲ್ಲಿ ಎರಡೂ ಕೈ ಬಿಟ್ಟು ನಿಶ್ಚಿಂತೆಯಿಂದ ಕೂರುವ ವಿದ್ಯೆ ಮಾತ್ರ ಕೆಲವರದು.

ಅವರ ಬಂಡವಾಳ ಎರಡೇ: ಪಾದಗಳಿಗೆ ಸಿಕ್ಕಿಸುವ ತಳೆ, ಹಗ್ಗ ಬಿಗಿದ ಪುಟ್ಟ ಮಣೆ. ಹತ್ತುವ ಮೊದಲು ಹಗ್ಗವನ್ನು ಬೆರಳ ನಡುವೆ ಇಂಚಿಂಚಾಗಿ ಎಳೆದು ನೋಡುತ್ತಾರೆ. ಒಂದು ಎಳೆ ಸವೆದಿದ್ದರೂ ಅದು ಆ ದಿನ ಮರ ಏರುವುದಿಲ್ಲ. ಮೇಲೆ ಮಣೆಯನ್ನು ಕಾಂಡಕ್ಕೆ ಸಿಕ್ಕಿಸಿ, ಮೈಭಾರವನ್ನು ನಿಧಾನವಾಗಿ ಇಳಿಸಿ ಗಂಟನ್ನು ಪರೀಕ್ಷಿಸಿ, ಆಮೇಲೆಯೇ ಕೈ ಬಿಡುವುದು.

ಮಣೆ ಯಾಕೆ? ಬರಿ ಹಗ್ಗ ತೊಡೆಯನ್ನು ಕೊಯ್ಯುತ್ತದೆ, ರಕ್ತಸಂಚಾರವನ್ನು ತಡೆಯುತ್ತದೆ. ಅಗಲವಾದ ಆಸರೆ ಭಾರವನ್ನು ಹಂಚುತ್ತದೆ. ಹಗ್ಗದಲ್ಲಿ ಮನುಷ್ಯನನ್ನು ತೂಗುವ ಜಪಾನಿನ ಶಿಬಾರಿ ಕಲೆಯಲ್ಲೂ ಇದೇ ತತ್ವ. ಅಲ್ಲಿ ಸೆಣಬಿನ ಹಗ್ಗವನ್ನು ಅಕ್ಕಪಕ್ಕ ಹಲವು ಸುತ್ತು ಹಾಕಿ ಪಟ್ಟಿಯಂತೆ ಅಗಲಿಸುತ್ತಾರೆ. ತೋಳಿನ ನರ ಒತ್ತಿದರೆ ಮುಂಗೈ ಜೋತುಬೀಳಬಹುದು. ಅದಕ್ಕೇ ಬೆರಳು ಆಡುತ್ತಿದೆಯೇ ಎಂದು ಮತ್ತೆ ಮತ್ತೆ ಕೇಳುತ್ತಾರೆ, ಕತ್ತರಿ ಕೈಗೆಟುಕುವಲ್ಲೇ ಇರುತ್ತದೆ.

ನಮ್ಮ ತೋಟದಲ್ಲೂ ಕೆಳಗಿದ್ದವರು ಕೂಗಿ ಕೇಳುತ್ತಾರೆ, ಮೇಲಿದ್ದವರು ಓಗೊಡುತ್ತಾರೆ. ಆ ಓಗೊಡುವಿಕೆಯೂ ಹಗ್ಗದ ಒಂದು ಎಳೆಯೇ. ಗಂಟು ಕಲಿಯಲು ಒಂದು ದಿನ ಸಾಕು. ಗಂಟನ್ನು ಪ್ರತಿಸಲವೂ ಹೊಸದೆಂಬಂತೆ ಪರೀಕ್ಷಿಸುವ ವಿನಯಕ್ಕೆ ಆಯುಷ್ಯವೇ ಬೇಕು. ಆ ವಿನಯಕ್ಕೆ ನನ್ನ ನಮಸ್ಕಾರ.