ಗಣಿತದ ಬೆನ್ನೆಲುಬು

ಹದಿಹರೆಯದ ಮಗುವಿನ ಬೆನ್ನೆಲುಬು ಕಾರಣವೇ ತಿಳಿಯದಂತೆ ಪಾರ್ಶ್ವಕ್ಕೆ ಬಾಗಿ, ಬಾಗುತ್ತಲೇ ತನ್ನ ಅಕ್ಷದ ಸುತ್ತ ತಿರುಚಿಕೊಂಡು, ಪಕ್ಕೆಲುಬುಗಳನ್ನು ಒಂದು ಬದಿಗೆ ಉಬ್ಬಿಸಿ ನಿಲ್ಲುವ ಸ್ಕೋಲಿಯೋಸಿಸ್ ಎಂಬ ವಿಕಾರವನ್ನು ವೈದ್ಯಲೋಕವು ಬಹುಕಾಲ ಕ್ಷ-ಕಿರಣದ ಚಪ್ಪಟೆ ಚಿತ್ರದಲ್ಲಿಯೇ ಕಂಡಿತು. ಬಾಗಿನ ಪ್ರಮಾಣವನ್ನು ಸೂಚಿಸಲು ಅದರ ಮೇಲೆ ಎಳೆದ ಕಾಬ್ ಕೋನದಿಂದಲೇ ಅಳೆಯಿತು. ಟೆಕ್ಸಾಸಿನ ಶಸ್ತ್ರವೈದ್ಯ ಪಾಲ್ ಹ್ಯಾರಿಂಗ್ಟನ್ನರು 1962ರಲ್ಲಿ ಪ್ರಕಟಿಸಿದ, ಬೆನ್ನೆಲುಬಿಗೆ ಉಕ್ಕಿನ ಸರಳನ್ನು ಜೋಡಿಸುವ ವಿಧಾನವು ಆ ಕೋನವನ್ನು ತಗ್ಗಿಸುವುದರಲ್ಲಿ ಅಪೂರ್ವ ಯಶಸ್ಸನ್ನು ಪಡೆಯಿತಾದರೂ, ಎದುರಿನಿಂದ ನೆಟ್ಟಗೆ ಕಂಡ ಬೆನ್ನು ಸೊಂಟದೆಡೆಯ ಸಹಜವಾದ ಒಳಬಾಗನ್ನು ಕಳೆದುಕೊಂಡು, ರೋಗಿಯು ಮುಂದಕ್ಕೆ ವಾಲಿಯೇ ನಡೆಯಬೇಕಾಗಿ ಬಂದ ಪ್ರಸಂಗಗಳೂ ಉಂಟು. ಮೂರು ಆಯಾಮಗಳ ವ್ಯಾಧಿಯನ್ನು ಎರಡು ಆಯಾಮಗಳಲ್ಲಿ ನೋಡಿದುದಕ್ಕೆ ತೆತ್ತ ದಂಡವಿದು.

ಕೆನಡಾದ ಮಾಂಟ್ರಿಯಲ್ಲಿನಲ್ಲಿ ಕಾರ್ಲ್-ಎರಿಕ್ ಓಬ್ಯಾಂ ಎಂಬ ಎಂಜಿನಿಯರರೂ ಯೂಬೇರ್ ಲಾಬೆಲ್ ಎಂಬ ಶಸ್ತ್ರವೈದ್ಯರೂ ಸಂಗಡಿಗರೊಡನೆ ರೂಪಿಸಿದ ಗಣಕಮಾದರಿಯ ಹಿರಿಮೆಯನ್ನು ಈ ಹಿನ್ನೆಲೆಯಲ್ಲಿಯೇ ಅರಿಯಬೇಕು. ಎದುರಿನಿಂದಲೂ ಪಕ್ಕದಿಂದಲೂ ತೆಗೆದ ಚಿತ್ರಗಳನ್ನು ಕೂಡಿಸಿ ಆ ಮಗುವಿನದೇ ಆದ ಬೆನ್ನೆಲುಬನ್ನು ಕಟ್ಟಿ, ಕಶೇರುಕಗಳನ್ನು ಬಾಗದ ಘನವಸ್ತುಗಳೆಂದೂ ನಡುವಣ ಮೆತ್ತೆಗಳನ್ನು ಸ್ಪ್ರಿಂಗುಗಳೆಂದೂ ಭಾವಿಸಿ, ಮಗು ಎಡಬಲಕ್ಕೆ ಬಾಗಿದಾಗಿನ ಚಿತ್ರಗಳಿಂದ ಆ ಸ್ಪ್ರಿಂಗುಗಳ ಬಿಗುವನ್ನು ತಿದ್ದುವ ಈ ಕ್ರಮದಲ್ಲಿ, ಕತ್ತಿ ಹಿಡಿಯುವ ಮುನ್ನವೇ ಗಣಕದಲ್ಲಿ ಕಶೇರುಕಗಳಿಗೆ ಸ್ಕ್ರೂಗಳನ್ನು ನಾಟಿ, ಸರಳನ್ನು ತಿರುಗಿಸಿ, ಫಲವನ್ನು ಕಾಣಬಹುದು.

ಆದರೆ ನನ್ನ ಮನಸ್ಸನ್ನು ಹಿಡಿದುದು ಬೇರೊಂದು ಸಂಗತಿ. 2007ರಲ್ಲಿ ಇವರ ಬಳಗವು ಐವರು ರೋಗಿಗಳ ವಿವರಗಳನ್ನು 32 ಮಂದಿ ಅನುಭವಿ ಶಸ್ತ್ರವೈದ್ಯರ ಮುಂದಿಟ್ಟ ಅಧ್ಯಯನವನ್ನು ಪ್ರಕಟಿಸಿತು: ಒಂದೇ ಬೆನ್ನಿಗೆ ಎಷ್ಟು ಸ್ಕ್ರೂ, ಕಶೇರುಕಗಳನ್ನು ಒಂದಾಗಿಸಿ ಅವುಗಳ ನಡುವಣ ಚಲನೆಯನ್ನು ನಿಲ್ಲಿಸುವ ಬೆಸುಗೆ ಎಲ್ಲಿಂದ ಎಲ್ಲಿಯವರೆಗೆ ಎಂಬುದರಲ್ಲಿ ಅವರ ಅಭಿಪ್ರಾಯಗಳು ಬಹುವಾಗಿ ಭಿನ್ನವಾಗಿದ್ದುವು. ಯಾವುದು ಉತ್ತಮವೆಂದು ಯಂತ್ರವೇ ನಿರ್ಣಯಿಸಲೆಂದರೆ, ವಕ್ರತೆ ತಗ್ಗುವುದಕ್ಕೆ ಎಷ್ಟು ಬೆಲೆ, ಚಲನೆ ಉಳಿಯುವುದಕ್ಕೆ ಎಷ್ಟು ಬೆಲೆ ಎಂಬುದನ್ನು ಮೊದಲು ಯಾರಾದರೂ ಹೇಳಿಕೊಡಬೇಕು. ಅಲ್ಲಿಯೂ ವೈದ್ಯರು ಏಕಮತರಲ್ಲ.

ಮಾದರಿಯ ನ್ಯೂನತೆಗಳೂ ಅಲ್ಪವಲ್ಲ. ಅದರ ಮೂಲದ ಬಿಗುವಿನ ಅಂಕಿಗಳು ಬಹುಮಟ್ಟಿಗೆ ಶವಗಳ ಬೆನ್ನೆಲುಬುಗಳಿಂದ ಬಂದವು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲಣ ತಿದ್ದುಪಡಿಯನ್ನು ತೋರುವಷ್ಟು ಸಮರ್ಥವಾಗಿ ಅದು ಮುಂದಿನ ವರ್ಷಗಳ ಬೆಳವಣಿಗೆಯನ್ನು ತೋರಲಾರದು. ಮಾದರಿಗೆ ಇಂಥ ಮಿತಿಗಳಿರುವುದರಿಂದಲೂ ವೈದ್ಯರಲ್ಲಿಯೇ ಒಮ್ಮತವಿಲ್ಲದಿರುವುದರಿಂದಲೂ, ಅದು ತೋರುವ ಚಿತ್ರವನ್ನು ವೈದ್ಯರು ಮಾತ್ರ ನೋಡಿದರೆ ಸಾಲದೆಂದು ನನ್ನ ದೃಢವಾದ ಅಭಿಪ್ರಾಯ. ಕೆಳಬೆನ್ನಿನ ಇನ್ನೊಂದು ಕಶೇರುಕವನ್ನು ಬೆಸೆದರೆ ಕೋನ ಇಷ್ಟು ತಗ್ಗುವುದು, ಬಿಟ್ಟರೆ ನೀನು ಇಷ್ಟು ಬಾಗಬಲ್ಲೆ ಎಂದು ರೋಗಿಯಾದ ಹುಡುಗಿಗೂ ಅವಳ ತಾಯಿಗೂ ತೋರಿಸಿ, ಅವರ ಮಾತನ್ನು ಕೇಳಿಯೇ ಆ ಬೆಲೆಗಳನ್ನು ಯಂತ್ರಕ್ಕೆ ಕೊಡತಕ್ಕದ್ದು.