ಲೆಕ್ಕ ಮುಗಿದ ಮೇಲೆ ಮಸುಕಾಗುವ ಕಣ್ಣು

ಮುರಿಗೆಪ್ಪ ಚನ್ನವೀರಪ್ಪ ಮೋದಿ ಹುಟ್ಟಿದ ಬೀಳಗಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು. 1997ರಲ್ಲಿ ಬಾಗಲಕೋಟೆಯ ಪಾಲಾಯಿತು. ಜಿಲ್ಲೆ ಯಾವುದಾದರೇನು, ಡಾ. ಎಂ.ಸಿ. ಮೋದಿ ಎಂದರೆ ಈ ಭಾಗದ ಹಿರಿಯರು ಇವತ್ತಿಗೂ ಕೈ ಮುಗಿಯುತ್ತಾರೆ. ಊರೂರು ತಿರುಗಿ, ಸಿಕ್ಕ ಶಾಲೆ, ಛತ್ರಗಳಲ್ಲೇ ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ತೆಗೆದವರು ಅವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದರು. ಅದೇ ವರ್ಷ ಪದ್ಮಭೂಷಣವೂ ಬಂತು. ನೇತ್ರ ಶಿಬಿರ ಎಂಬ ಪದ್ಧತಿಯನ್ನು ವಿಮರ್ಶಿಸ ಹೊರಟವರು ಈ ಹೆಸರಿಗೆ ನಮಸ್ಕರಿಸಿಯೇ ಮುಂದೆ ಹೋಗಬೇಕು. ಆಸ್ಪತ್ರೆಯ ಮುಖ ನೋಡದ ಜನರ ಬಳಿಗೆ ಆಸ್ಪತ್ರೆಯನ್ನೇ ಒಯ್ದದ್ದು ಸಣ್ಣ ಕೆಲಸವಲ್ಲ. ಆದರೆ 833 ಎಂಬ ಆ ಸಂಖ್ಯೆಯೇ ಪದ್ಧತಿಯ ಗುಣವನ್ನೂ ದೋಷವನ್ನೂ ಒಟ್ಟಿಗೆ ಹೇಳುತ್ತದೆ. ಆಪರೇಷನ್ ಎಷ್ಟಾದವು ಎಂದು ನಮಗೆ ಗೊತ್ತು. ಹತ್ತು ವರ್ಷದ ಮೇಲೆ ಅವುಗಳಲ್ಲಿ ಎಷ್ಟು ಕಣ್ಣು ಕಾಣುತ್ತಿದ್ದವು ಎಂದು ಕೇಳುವ ರೂಢಿ ಅಂದು ಇರಲಿಲ್ಲ, ಇಂದಿಗೂ ಸರಿಯಾಗಿ ಬೆಳೆದಿಲ್ಲ.

ಚಪ್ಪರದ ಶಸ್ತ್ರಚಿಕಿತ್ಸೆಯ ಕಾಲ ಮುಗಿದಿದೆ. ಈಗ ಶಿಬಿರವೆಂದರೆ ತಪಾಸಣೆ ಮಾತ್ರ. ಪೊರೆ ಇದ್ದವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಆಪರೇಷನ್ ಮಾಡಿ, ಕಪ್ಪು ಕನ್ನಡಕ ಹಾಕಿ ಮರಳಿ ಊರಿಗೆ ಬಿಡುತ್ತಾರೆ. ಹಳೆಯ ಕಾಲದ ದಪ್ಪ ಗಾಜಿನ ಚಾಳೀಸು ಹೋಗಿ ಕಣ್ಣೊಳಗೇ ಮಸೂರ ಬಂದಿದೆ. ಇದು ನಿಜವಾದ ಪ್ರಗತಿ, ಎರಡು ಮಾತಿಲ್ಲ. ಆದರೂ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಒಂದು ಸಾಲನ್ನು ದಾಟಿ ಹೋಗುವುದು ಕಷ್ಟ. 50 ದಾಟಿದವರ ಕುರುಡಿಗೆ ಚಿಕಿತ್ಸೆಯಾಗದ ಪೊರೆಯೇ ಮೊದಲ ಕಾರಣ, ಶೇ. 66.2. ಎರಡನೆಯದು ಕಾರ್ನಿಯಾದ ಕಲೆ, ಅಂದರೆ ಕಣ್ಣಲ್ಲಿ ಬಿದ್ದ ಹೂವು, ಶೇ. 8.2. ಮೂರನೆಯದು ಪೊರೆಯ ಶಸ್ತ್ರಚಿಕಿತ್ಸೆಯಿಂದಲೇ ಆದ ತೊಡಕು, ಶೇ. 7.2. ಗ್ಲಾಕೋಮಾಕ್ಕಿಂತ ಹೆಚ್ಚು! ಕಣ್ಣು ಕೊಡಲು ಹೋದ ಕೈಯೇ ಕಣ್ಣು ಕಳೆಯುವ ಕಾರಣಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನದಲ್ಲಿದೆ.

ಈ ತೊಡಕುಗಳಲ್ಲಿ ಕಾರ್ನಿಯಾದ್ದು ಒಂದು ವಿಚಿತ್ರ ಕಥೆ. ಕಣ್ಣಿನ ಮುಂಭಾಗದಲ್ಲಿರುವ, ಅರ್ಧ ಮಿಲಿಮೀಟರಿನಷ್ಟು ದಪ್ಪದ ಈ ಪಾರದರ್ಶಕ ಪದರದ ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳ ಹಾಸು ಇದೆ. ಕಾರ್ನಿಯಾಕ್ಕೆ ಜಿನುಗುವ ನೀರನ್ನು ಹಗಲಿರುಳು ಹೊರಹಾಕಿ ಅದನ್ನು ಗಾಜಿನಂತೆ ಇಡುವುದು ಈ ಹಾಸಿನ ಕೆಲಸ. ವಯಸ್ಕರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2,500 ಕೋಶಗಳಿರುತ್ತವೆ; ಸತ್ತದ್ದು ಮತ್ತೆ ಹುಟ್ಟುವುದಿಲ್ಲ, ಪಕ್ಕದವು ಹಿಗ್ಗಿ ಜಾಗ ತುಂಬುತ್ತವೆ. ಸಂಖ್ಯೆ ಐನೂರು, ಆರುನೂರರ ಆಸುಪಾಸಿಗೆ ಇಳಿದಾಗ ನೀರು ನಿಂತು ಕಾರ್ನಿಯಾ ಊದುತ್ತದೆ, ಮೇಲ್ಮೈಯಲ್ಲಿ ಗುಳ್ಳೆ ಏಳುತ್ತವೆ, ಗುಳ್ಳೆ ಒಡೆದಾಗ ಉರಿ ತಡೆಯಲಾಗದು. ಪೊರೆಯ ಆಪರೇಷನ್ ಎಷ್ಟೇ ನಾಜೂಕಾಗಿ ಆದರೂ ಒಂದಷ್ಟು ಕೋಶ ಸಾಯುತ್ತವೆ. ಆಮೇಲೂ ವರ್ಷವರ್ಷ ಸಹಜಕ್ಕಿಂತ ಬೇಗ ಕಳೆಯುತ್ತಲೇ ಹೋಗುತ್ತವೆ. ಪಟ್ಟಿ ಬಿಚ್ಚಿದ ದಿನ ಮೊಮ್ಮಗನ ಮುಖ ಕಂಡ ಅಜ್ಜಿಯ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಐದು ವರ್ಷದ ಮೇಲೆ ಅದೇ ಕಣ್ಣು ಮಸುಕಾದರೆ ಅದು ಯಾವ ಶಿಬಿರದ ಖಾತೆಗೂ ಸೇರುವುದಿಲ್ಲ.

ವಿಜಯಪುರ (ಹಿಂದಿನ ವಿಜಾಪುರ) ಜಿಲ್ಲೆಯ ತಿಕೋಟಾ, ಬಬಲೇಶ್ವರದಂಥ ಕಡೆ ಅಪಾಯ ಇನ್ನಷ್ಟು ಹೆಚ್ಚು. ರಾಶಿ ಮುಗಿಯಲಿ, ದ್ರಾಕ್ಷಿ ಕಟಾವು ಆಗಲಿ ಎಂದು ಮುಂದೂಡುತ್ತ ಬಂದವರ ಪೊರೆ ಹಣ್ಣಾಗಿ, ಕಂದಾಗಿ, ಗಟ್ಟಿಯಾಗಿರುತ್ತದೆ. ಅಂಥದ್ದನ್ನು ಫೇಕೋ ಯಂತ್ರದ ಶ್ರವಣಾತೀತ ಕಂಪನದಿಂದ ಪುಡಿ ಮಾಡಲು ಹೆಚ್ಚು ಶಕ್ತಿ ಬೇಕು, ಆ ಶಕ್ತಿಯ ಪೆಟ್ಟು ಬೀಳುವುದು ಕಾರ್ನಿಯಾದ ಒಳಮೈಗೆ. (ನಮ್ಮ ಜನ ಇದನ್ನು ‘ಲೇಸರ್ ಆಪರೇಷನ್’ ಅನ್ನುತ್ತಾರೆ, ಆಸ್ಪತ್ರೆಗಳ ಬೋರ್ಡುಗಳೂ ತಿದ್ದಲು ಹೋಗುವುದಿಲ್ಲ.) ಸಣ್ಣ ಗಾಯದಿಂದ ಕೈಯಲ್ಲೇ ಪೊರೆ ತೆಗೆಯುವ ವಿಧಾನ ಇಂಥ ಕಣ್ಣಿಗೆ ಅಗ್ಗ, ಅನುಭವಸ್ಥರ ಕೈಯಲ್ಲಿ ಕ್ಷೇಮ. ಅದನ್ನು ‘ಹಳೇ ಪದ್ಧತಿ’ ಎಂದು ಮೂಗು ಮುರಿಯುವವರು ಕಣ್ಣನ್ನು ನೋಡುತ್ತಿಲ್ಲ, ಯಂತ್ರವನ್ನು ನೋಡುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಕಾರ್ನಿಯಾವನ್ನು ಕಾಪಾಡಲೆಂದೇ ಶಸ್ತ್ರಚಿಕಿತ್ಸೆಯ ವೇಳೆ ಕಣ್ಣೊಳಗೆ ಅಂಟುದ್ರವವೊಂದನ್ನು ತುಂಬುತ್ತಾರೆ. 2019ರ ಜುಲೈ 9ರಂದು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ ಆದ 24 ಮಂದಿಯ ಕಣ್ಣಿಗೆ ಸೋಂಕು ತಗುಲಿದಾಗ ಬೆರಳು ತೋರಿದ್ದು ಈ ದ್ರವದ ಕಡೆಗೇ. ಹಲವರು ದೃಷ್ಟಿ ಕಳೆದುಕೊಂಡರು. ನವೆಂಬರಿನಲ್ಲಿ ಅವರ ಪರವಾಗಿ ಬಂದ ಕನ್ನಡಪರ ಹೋರಾಟಗಾರರಿಗೂ ಕಿರಿಯ ವೈದ್ಯರಿಗೂ ಜಟಾಪಟಿಯಾಗಿ, ರಾಜ್ಯದ ವೈದ್ಯರು ಮುಷ್ಕರ ಹೂಡಿದರು. ಚರ್ಚೆ ಹಲ್ಲೆಗೆ, ಅಲ್ಲಿಂದ ಭಾಷೆಗೆ ಹೊರಳಿತು. ಔಷಧಿಯ ಒಂದೊಂದು ಬ್ಯಾಚನ್ನು ಕಣ್ಣಿಗೆ ಹಾಕುವ ಮೊದಲು ಯಾರು, ಹೇಗೆ ಪರೀಕ್ಷಿಸಬೇಕು ಎಂಬ ಒಣ ಪ್ರಶ್ನೆಗೆ ಅಷ್ಟು ಜನ ಬೀದಿಗೆ ಇಳಿಯಲಿಲ್ಲ.

ಲೆಕ್ಕವನ್ನು ಬೇಗ ಮುಗಿಸುವ ಚಾಳಿ ಶಿಬಿರದ್ದೊಂದೇ ಅಲ್ಲ. ಬಿಸಿಲು, ಧೂಳಿನಲ್ಲಿ ದುಡಿಯುವವರ ಕಣ್ಣಿನ ಬಿಳಿಗುಡ್ಡೆಯಿಂದ ಕಪ್ಪಿನ ಮೇಲೆ ದುರ್ಮಾಂಸ ಬೆಳೆಯುತ್ತದೆ. ಕತ್ತರಿಸಿದರೆ ಮತ್ತೆ ಬರುತ್ತದೆ. ಬಾರದಿರಲೆಂದು ಒಂದು ಕಾಲಕ್ಕೆ ಜಗತ್ತಿನ ಹಲವೆಡೆ ಸ್ಟ್ರಾನ್ಷಿಯಂ-90ರ ಬೀಟಾ ವಿಕಿರಣ ಹಾಯಿಸಿದರು. ದುರ್ಮಾಂಸ ಮರುಕಳಿಸುವುದು ಕಡಿಮೆಯಾಯಿತು, ವರದಿಗಳು ಮೆಚ್ಚಿದವು. ಹಲವು ವರ್ಷ, ಕೆಲವೊಮ್ಮೆ ದಶಕಗಳೇ ಕಳೆದ ಮೇಲೆ ಅದೇ ಜಾಗದಲ್ಲಿ ಬಿಳಿಗುಡ್ಡೆ ತೆಳುವಾಗಿ ಕರಗತೊಡಗಿತು, ಸೋಂಕು ಹೊಕ್ಕಿತು. ಈಗ ರೋಗಿಯದೇ ಕಣ್ಣಿನ ತೆಳುಪೊರೆ ತೆಗೆದು ಅಲ್ಲಿ ಕೂರಿಸುತ್ತಾರೆ. ಕೆಲಸ ನಿಧಾನ, ಒಂದೇ ದಿನ ಬಹಳ ಮಂದಿಗೆ ಮಾಡಲಾಗದು, ಫಲ ಮಾತ್ರ ಉತ್ತಮ.

ಮಸುಕಾದ ಕಾರ್ನಿಯಾಕ್ಕೆ ಮದ್ದಿಲ್ಲವೆಂದಲ್ಲ. ಉಪ್ಪಿನ ಹನಿ, ಬ್ಯಾಂಡೇಜ್ ಲೆನ್ಸ್ ತಾತ್ಕಾಲಿಕ. ಕೊನೆಗೆ ಕಸಿಯೇ ಗತಿ. ಹಿಂದೆ ಕಾರ್ನಿಯಾದ ಪೂರ್ತಿ ದಪ್ಪವನ್ನೇ ಬದಲಿಸಿ ಸುತ್ತಲೂ ಹೊಲಿಗೆ ಹಾಕುತ್ತಿದ್ದರು, ನೋಟ ತಿಳಿಯಾಗಲು ವರ್ಷ ಹಿಡಿಯುತ್ತಿತ್ತು. ಈಗ ಕೆಟ್ಟ ಒಳಪದರವೊಂದನ್ನೇ ಬದಲಿಸಿ, ಗಾಳಿಯ ಗುಳ್ಳೆಯೊತ್ತಿ ಅಂಟಿಸುತ್ತಾರೆ. ಈ ವಿದ್ಯೆ ಕನ್ನಡಿಗರ ಮನೆಮನೆಗೆ ಮುಟ್ಟಿದ್ದು ದುಃಖದ ದಾರಿಯಲ್ಲಿ. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ನಾರಾಯಣ ನೇತ್ರಾಲಯದಲ್ಲಿ ಮುಂಪದರ, ಹಿಂಪದರವೆಂದು ಸೀಳಿ ನಾಲ್ವರಿಗೆ ಕಸಿ ಮಾಡಿದರು. ಆಮೇಲೆ ರಾಜ್ಯದಲ್ಲಿ ನೇತ್ರದಾನದ ಅಲೆಯೇ ಎದ್ದಿತು. ಅಲೆಯ ಬಹುಪಾಲು ಮಾತ್ರ ಪ್ರತಿಜ್ಞಾಪತ್ರಗಳು. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಪತ್ರಕ್ಕೆ ಸಹಿ ಹಾಕಿದ ಯುವಕನ ಸಾವು ಐವತ್ತು ವರ್ಷ ದೂರವಿರಬಹುದು. ಇವತ್ತು ಆಸ್ಪತ್ರೆಯ ವಾರ್ಡಿನಲ್ಲಿ ತೀರಿಕೊಂಡವರ ಮನೆಯವರ ಪಕ್ಕ ಕೂತು ಮೆಲ್ಲಗೆ ಕೇಳುವ ಒಬ್ಬ ತರಬೇತಾದ ಆಪ್ತಸಲಹೆಗಾರ ನೂರು ಪ್ರತಿಜ್ಞೆಗಳಿಗಿಂತ ಹೆಚ್ಚು ಕಾರ್ನಿಯಾ ತರಬಲ್ಲ.

ಕಸಿಯಾದ ಮೇಲೂ ನಂಟು ಮುಗಿಯುವುದಿಲ್ಲ. ದೇಹ ಕಸಿಯನ್ನು ತಿರಸ್ಕರಿಸದಂತೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹನಿ, ಮೇಲಿಂದ ಮೇಲೆ ತಪಾಸಣೆ. ಅದಕ್ಕಾಗಿ ಹೋಗಬೇಕಾದ ಹುಬ್ಬಳ್ಳಿ ವಿಜಯಪುರದಿಂದ ಸುಮಾರು 200 ಕಿಲೋಮೀಟರ್, ಸೊಲ್ಲಾಪುರ ನೂರರ ಆಸುಪಾಸು. ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರಕೊಂಡು ತಿಂಗಳಿಗೊಮ್ಮೆ ಹೋಗುವವರು ಯಾರು? ಆಪರೇಷನ್ ಉಚಿತವಾದರೂ ಅದರ ನಂತರದ ಓಡಾಟ ಉಚಿತವಲ್ಲ.

ಕಸಿಗೆ ಜೀವ ಕೊಡುವ ಇದೇ ಸ್ಟೀರಾಯ್ಡ್ ಹೊಲದ ಗಾಯಕ್ಕೆ ವಿಷ. ಜೋಳದ ಗರಿ ತೀಡಿ, ರಾಶಿಯ ಹೊಟ್ಟು ಬಿದ್ದು, ಜಾಲಿಯ ಮುಳ್ಳು ತಾಕಿ ಕಾರ್ನಿಯಾ ಗೀರಿದರೆ ಅಲ್ಲಿ ಶಿಲೀಂಧ್ರ ಬೇರೂರಬಹುದು. ಕಣ್ಣು ಕೆಂಪಾದವ ನೇರ ಮೆಡಿಕಲ್ ಅಂಗಡಿಗೆ ಹೋಗುತ್ತಾನೆ. ಕೈಗೆ ಸಿಗುವ ಹನಿಯಲ್ಲಿ ಆಂಟಿಬಯಾಟಿಕ್ ಜೊತೆ ಡೆಕ್ಸಾಮೆಥಾಸೋನ್ ಬೆರೆತಿದ್ದರೆ ಮರುದಿನ ಕೆಂಪು ಇಳಿಯುತ್ತದೆ, ಒಳಗೆ ಹುಣ್ಣು ಹರಡುತ್ತದೆ. ದಿಟವಾಗಿ ಬೇಕಾದದ್ದು ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಡಿ ನೋಡುವುದು, ಶಿಲೀಂಧ್ರವಿದ್ದರೆ ನಾಟಮೈಸಿನ್ ಹನಿ. 2013ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ದೊಡ್ಡ ಪ್ರಯೋಗವೊಂದರಲ್ಲಿ ಈ ಹಳೆಯ ಔಷಧವೇ ಹೊಸ ವೋರಿಕೊನಜೋಲನ್ನು ಮೀರಿಸಿತು.

ಇನ್ನೂ ಮೊದಲೇ ತಡೆಯಬಹುದಿತ್ತು. ನೇಪಾಳದ ಭಕ್ತಪುರದಲ್ಲಿ ಊರಿನ ಆರೋಗ್ಯ ಕಾರ್ಯಕರ್ತರ ಕೈಗೆ ಕ್ಲೋರಾಂಫೆನಿಕಾಲ್ ಮುಲಾಮು ಕೊಟ್ಟು, ಕಾರ್ನಿಯಾ ಗೀರಿದವರಿಗೆ ಮೂರು ದಿನ ಹಚ್ಚಿಸಿ ನೋಡಿದರು. 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಯವಾದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತಿಕೋಟಾದ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಆ ಟ್ಯೂಬಿಗೆ ಜಾಗವಿದೆ. ವಿಜಯಪುರದ ಜಲನಗರದಲ್ಲೋ ಬಬಲೇಶ್ವರದಲ್ಲೋ ಮುಂದಿನ ಶಿಬಿರ ನಡೆಸುವವರು ಬ್ಯಾನರಿನ ಖರ್ಚಿನಲ್ಲೇ ಅಂಥ ಟ್ಯೂಬುಗಳನ್ನು ಕೊಳ್ಳಬಹುದು. ಹೋದ ವರ್ಷ ಕರೆದೊಯ್ದವರ ಪಟ್ಟಿ ಹಿಡಿದು, ಅದೇ ವಾಹನವನ್ನು ಅವರ ಮನೆ ಬಾಗಿಲಿಗೆ ಇನ್ನೊಮ್ಮೆ ಕಳಿಸಲೂಬಹುದು.