ನೋಟಿನ ಮೇಲಣ ಗೌರವ

ರಾಷ್ಟ್ರವೊಂದು ತನ್ನ ಮಹನೀಯರಿಗೆ ಸಲ್ಲಿಸುವ ಗೌರವಗಳಲ್ಲಿ, ಪ್ರತಿಮೆಗಿಂತಲೂ ಸ್ಮಾರಕಗ್ರಂಥಕ್ಕಿಂತಲೂ ವ್ಯಾಪಕವಾಗಿ ಜನರ ಕೈಸೇರುವುದು ನೋಟಿನ ಮೇಲಣ ಭಾವಚಿತ್ರ. ಅದನ್ನು ಕಾಣಲು ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ. ಸಂತೆಯ ಚಿಲ್ಲರೆಯಲ್ಲಿಯೂ ತಿಂಗಳ ಸಂಬಳದಲ್ಲಿಯೂ ಅದು ತಾನಾಗಿಯೇ ಬರುವುದು. ಇಷ್ಟು ಸುಲಭವಾಗಿ ಎಲ್ಲರನ್ನೂ ಮುಟ್ಟುವ ಗೌರವವು ಅಷ್ಟೇ ಸುಲಭವಾಗಿ ಹುಸಿಯಾಗಲೂಬಹುದಾದ ಕಾರಣ, ಯಾರನ್ನು ಆರಿಸಬೇಕೆಂದು ವಿಚಾರಿಸುವಷ್ಟೇ ಶ್ರದ್ಧೆಯಿಂದ, ಆರಿಸಿದವರನ್ನು ಸರಿಯಾಗಿ ಅರಿತಿದ್ದೇವೆಯೇ ಎಂಬುದನ್ನೂ ವಿಚಾರಿಸಬೇಕಾಗುತ್ತದೆ. ಈ ವಿಚಾರಕ್ಕೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಎರಡು ನೋಟುಗಳು ತಕ್ಕ ಸಾಮಗ್ರಿಯನ್ನು ಒದಗಿಸುತ್ತವೆ: 2017ರಲ್ಲಿ ಹೊರಟ ಜೇನ್ ಆಸ್ಟೆನ್ನಳ ಹತ್ತು ಪೌಂಡಿನ ನೋಟು ಒಂದು, 2021ರಲ್ಲಿ ಹೊರಟ ಅಲನ್ ಟ್ಯೂರಿಂಗನ ಐವತ್ತು ಪೌಂಡಿನ ನೋಟು ಇನ್ನೊಂದು.

ಆ ಬ್ಯಾಂಕಿನ ನೋಟುಗಳಲ್ಲಿ ರಾಣಿಯ ಮುಖ ಕಾಣಿಸಿಕೊಂಡದ್ದೇ 1960ರಲ್ಲಿ. ಇತಿಹಾಸಪುರುಷರ ಚಿತ್ರಗಳನ್ನು ಮುದ್ರಿಸುವ ಸಂಪ್ರದಾಯ 1970ರಲ್ಲಿ ಶೇಕ್ಸ್‌ಪಿಯರನಿಂದ ಮೊದಲಾಯಿತು. ಸೆರೆಮನೆಗಳ ಸುಧಾರಣೆಗಾಗಿ ದುಡಿದ ಎಲಿಜಬೆತ್ ಫ್ರೈಯ ಸ್ಥಾನದಲ್ಲಿ ಚರ್ಚಿಲ್ಲನ ಚಿತ್ರ ಬರಲಿದೆಯೆಂದು 2013ರ ಏಪ್ರಿಲಿನಲ್ಲಿ ಬ್ಯಾಂಕು ಪ್ರಕಟಿಸಿದಾಗ, ರಾಣಿಯೊಬ್ಬಳ ಹೊರತು ಇನ್ನಾವ ಸ್ತ್ರೀಯೂ ನೋಟುಗಳಲ್ಲಿ ಉಳಿಯುವುದಿಲ್ಲವೆಂಬುದನ್ನು ಕಂಡು ಕ್ಯಾರೊಲಿನ್ ಕ್ರಿಯಾಡೊ ಪೆರೆಜ್ ಎಂಬ ಮಹಿಳೆ ಎತ್ತಿದ ಆಕ್ಷೇಪಕ್ಕೆ 35,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಜುಲೈಯಲ್ಲಿ ಆಸ್ಟೆನ್ನಳ ಹೆಸರು ಘೋಷಿತವಾಯಿತು. ಇಷ್ಟು ನ್ಯಾಯವಾದ ಬೇಡಿಕೆಯನ್ನು ಮುಂದಿಟ್ಟುದಕ್ಕಾಗಿ ಆ ಮಹಿಳೆಗೆ ಬಂದ ಬೆದರಿಕೆಗಳು ಎಷ್ಟು ಹೇಯವಾಗಿದ್ದುವೆಂದರೆ, ಮರುವರ್ಷ ಇಬ್ಬರು ಜೈಲಿಗೆ ಹೋಗಬೇಕಾಯಿತು. ಈ ಪ್ರಸಂಗದ ತರುವಾಯ ಬ್ಯಾಂಕು ಸಲಹಾಸಮಿತಿಯೊಂದನ್ನು ನೇಮಿಸಿ, ಸಾರ್ವಜನಿಕರಿಂದ ಹೆಸರುಗಳನ್ನು ಆಹ್ವಾನಿಸುವ ಪದ್ಧತಿಯನ್ನು ಕೈಕೊಂಡಿತು.

ಆಸ್ಟೆನ್ನಳ ಆಯ್ಕೆ ಸರ್ವಥಾ ಉಚಿತವಾದುದು. ಹಣವು ಮನುಷ್ಯರ ಬಾಳನ್ನು, ಅದರಲ್ಲಿಯೂ ಸ್ತ್ರೀಯರ ಬಾಳನ್ನು, ಹೇಗೆ ಆಳುವುದೆಂಬುದನ್ನು ಆಕೆಯಷ್ಟು ಸ್ಪಷ್ಟವಾಗಿ ಕಂಡ ಕಾದಂಬರಿಕಾರರು ವಿರಳ. ಆಕೆಯ ಕಥೆಗಳಲ್ಲಿ ಹೊಸಬನೊಬ್ಬನ ವಾರ್ಷಿಕ ವರಮಾನ ಎಷ್ಟು ಸಾವಿರವೆಂಬ ಸುದ್ದಿ ಅವನ ಗುಣಸ್ವಭಾವಗಳ ಪರಿಚಯಕ್ಕೂ ಮೊದಲೇ ಊರನ್ನು ಮುಟ್ಟುವುದು. ಗಂಡುಮಕ್ಕಳಿಲ್ಲದ ಮನೆಯ ಕನ್ಯೆಯರಿಗೆ, ತಂದೆ ಕಣ್ಮುಚ್ಚಿದೊಡನೆ ಆಸ್ತಿಯೆಲ್ಲವೂ ದೂರದ ದಾಯಾದಿಯ ಪಾಲಾಗುವುದೆಂಬ ಭೀತಿ ನಗೆಮಾತುಗಳ ನಡುವೆಯೂ ತಪ್ಪದು. ಸ್ವಂತ ಜೀವನದಲ್ಲಿಯೂ ಆಕೆ ಈ ಸತ್ಯವನ್ನು ಅನುಭವಿಸಿದವಳೇ. 1811ರಲ್ಲಿ ಹೊರಬಂದ ಮೊದಲ ಕಾದಂಬರಿಯ ಮೇಲೆ ಆಕೆಯ ಹೆಸರಿರಲಿಲ್ಲ, ಬರೆದವಳು ಒಬ್ಬ ಮಹಿಳೆಯೆಂದು ಮಾತ್ರ ಇದ್ದಿತು. ಇಂದು ಲೋಕವೆಲ್ಲ ಓದುವ 'ಪ್ರೈಡ್ ಅಂಡ್ ಪ್ರೆಜುಡಿಸ್' ಕೃತಿಯ ಹಕ್ಕನ್ನು ಆಕೆ ಪ್ರಕಾಶಕನಿಗೆ ಬಿಟ್ಟುಕೊಟ್ಟುದು 110 ಪೌಂಡುಗಳಿಗೆ. ಈಗಿನ ಆಕೆಯ ನೋಟುಗಳಲ್ಲಿ ಎಣಿಸಿದರೆ ಅವು ಹನ್ನೊಂದೇ ಹನ್ನೊಂದು.

ಇಂತಹ ಲೇಖಕಿಯ ನೋಟಿನ ಮೇಲೆ ಅಚ್ಚಾಗಿರುವ ವಾಕ್ಯವಾವುದು? ಓದಿಗೆ ಸಮನಾದ ಸುಖವಿಲ್ಲವೆಂಬರ್ಥದ, ಆ ಕಾದಂಬರಿಯಿಂದಲೇ ತೆಗೆದ ಒಂದು ಉದ್ಗಾರ. ಬಿಡಿಯಾಗಿ ನೋಡಿದರೆ ಮಾತು ಮನೋಹರವಾಗಿದೆ. ಆದರೆ ಕೃತಿಯಲ್ಲಿ ಅದನ್ನು ನುಡಿಯುವವಳು ಕ್ಯಾರೊಲಿನ್ ಬಿಂಗ್ಲೆ. ಕಥಾನಾಯಕ ಡಾರ್ಸಿಯ ಮನವನ್ನು ಸೆಳೆಯಬೇಕೆಂಬ ಒಂದೇ ಹಂಬಲದಿಂದ, ಅವನು ಓದುತ್ತಿದ್ದ ಗ್ರಂಥದ ಎರಡನೆಯ ಸಂಪುಟವೆಂಬ ಕಾರಣಕ್ಕಾಗಿಯೇ ಪುಸ್ತಕವೊಂದನ್ನು ಕೈಗೆತ್ತಿಕೊಂಡು, ಅದರಿಂದ ಬೇಸತ್ತು, ದೀರ್ಘವಾಗಿ ಆಕಳಿಸಿ ಆಕೆ ಈ ಮಾತನ್ನಾಡುತ್ತಾಳೆ. ಸ್ವಲ್ಪ ಹೊತ್ತಿಗೆ ಪುಸ್ತಕವನ್ನು ಪಕ್ಕಕ್ಕೆಸೆಯುತ್ತಾಳೆ. ಲೇಖಕಿ ಕಪಟವೆಂದು ಬಯಲಿಗೆಳೆದ ನುಡಿಯೇ ಲೇಖಕಿಯ ಹೃದಯವಾಣಿಯೆಂಬಂತೆ ಕೋಟ್ಯಂತರ ನೋಟುಗಳ ಮೇಲೆ ನಿಂತಿದೆ. ಮುಖದ ವಿಷಯವೂ ಇದಕ್ಕೆ ಭಿನ್ನವಲ್ಲ. ಅಕ್ಕ ಕಸಾಂಡ್ರ ಬರೆದ ಪುಟ್ಟ ರೇಖಾಚಿತ್ರದಲ್ಲಿ ಕಾಣುವುದು ತುಟಿ ಬಿಗಿದು, ಕೈಕಟ್ಟಿ, ಓರೆನೋಟ ಬೀರುವ ಸೂಕ್ಷ್ಮಮತಿಯ ಹೆಣ್ಣು. ನೋಟಿನಲ್ಲಿರುವುದಾದರೋ, ಆಕೆ ಸತ್ತು ಅರ್ಧಶತಮಾನ ಕಳೆದಮೇಲೆ ಸೋದರನ ಮಗ ಬರೆದ ಚರಿತ್ರೆಗಾಗಿ ಆ ರೇಖೆಗಳನ್ನು ತಿದ್ದಿ, ಕೆನ್ನೆ ತುಂಬಿಸಿ, ಕಣ್ಣರಳಿಸಿ ಸಿದ್ಧಪಡಿಸಿದ ಸೌಮ್ಯಮೂರ್ತಿ. ಹೀಗೆ ಆಯ್ಕೆ ಆಸ್ಟೆನ್ನಳದಾದರೂ ಗೌರವ ಸಂದುದು ಆಕೆಯಂತೆ ತೋರುವ ಮತ್ತೊಬ್ಬಳಿಗೆ.

ಟ್ಯೂರಿಂಗನ ನೋಟು ಇದಕ್ಕಿಂತ ಬಹಳ ಮೇಲಾದುದು. 2018ರಲ್ಲಿ ವಿಜ್ಞಾನಿಗಳ ಹೆಸರುಗಳನ್ನು ಸೂಚಿಸಿರೆಂದು ಬ್ಯಾಂಕು ಕೋರಿದಾಗ 2,27,299 ಸೂಚನೆಗಳು ಬಂದುವು. ಅರ್ಹರೆಂದು ಕಂಡ 989 ವಿಜ್ಞಾನಿಗಳನ್ನು ಸಮಿತಿಯು ಪರಿಶೀಲಿಸಿ ಹನ್ನೆರಡು ಆಯ್ಕೆಗಳಿಗೆ ಇಳಿಸಿತು. ಆ ಪಟ್ಟಿಯಲ್ಲಿ ನಮ್ಮ ಶ್ರೀನಿವಾಸ ರಾಮಾನುಜನ್ನರ ಹೆಸರೂ ಇದ್ದುದು ನಮಗೆ ಸಂತೋಷದ ಸಂಗತಿ. ಕೊನೆಗೆ ಹೊರಬಂದ ನೋಟಿನಲ್ಲಿ 1951ರ ಛಾಯಾಚಿತ್ರದಿಂದ ತೆಗೆದ, ತಿದ್ದಿ ಅಂದಗೊಳಿಸದ ಮುಖವಿದೆ, ಗಣಕಯಂತ್ರದ ಶಾಸ್ತ್ರಕ್ಕೆ ತಳಹದಿಯಾದ 1936ರ ಪ್ರಬಂಧದ ಕೋಷ್ಟಕ ಮತ್ತು ಸೂತ್ರಗಳಿವೆ, ಯುದ್ಧಕಾಲದಲ್ಲಿ ಶತ್ರುಗಳ ಗೂಢಲಿಪಿಯನ್ನು ಭೇದಿಸಿದ ಯಂತ್ರದ ನಕ್ಷೆಯಿದೆ, ಸ್ವಹಸ್ತದ ಸಹಿಯಿದೆ, ಆತನ ಜನ್ಮದಿನವನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳಲ್ಲಿ ಬರೆದ ಪಟ್ಟಿಯಿದೆ. ಅರ್ಥವಾಗದವನಿಗೆ ಇವು ಕುತೂಹಲ ಹುಟ್ಟಿಸುವುವು, ಅರ್ಥವಾದವನಿಗೆ ಆನಂದವೀಯುವುವು. ಆತನ ಕೃತಿಯನ್ನು ಬಲ್ಲವರು ಕುಳಿತು ರಚಿಸಿದ ನೋಟು ಇದೆಂಬುದು ನೋಡಿದೊಡನೆ ತಿಳಿಯುತ್ತದೆ.

ಆದರೂ ಈ ನೋಟಿನ ವಿಷಯದಲ್ಲಿ ಒಂದು ಗಂಭೀರವಾದ ಆಕ್ಷೇಪ ಉಂಟು. ಸಲಿಂಗಪ್ರೇಮವನ್ನು ಅಪರಾಧವೆಂದೆಣಿಸಿದ ಅಂದಿನ ಕಾನೂನಿನ ಮೇರೆಗೆ 1952ರಲ್ಲಿ ಟ್ಯೂರಿಂಗನನ್ನು ದೋಷಿಯೆಂದು ತೀರ್ಮಾನಿಸಿ, ಸೆರೆಮನೆಗೆ ಬದಲಾಗಿ ಹಾರ್ಮೋನು ಚಿಕಿತ್ಸೆಗೆ ಒಳಪಡಿಸಿದುದು ಅದೇ ರಾಜ್ಯ. ಎರಡು ವರ್ಷಗಳಲ್ಲಿ, ಆಸ್ಟೆನ್ನಳಂತೆ ನಲವತ್ತೊಂದರ ವಯಸ್ಸಿನಲ್ಲಿಯೇ, ಆತ ತೀರಿಕೊಂಡ. ಪ್ರಧಾನಮಂತ್ರಿಯ ಕ್ಷಮಾಯಾಚನೆ 2009ರಲ್ಲಿ, ರಾಣಿಯ ಕ್ಷಮಾದಾನ 2013ರಲ್ಲಿ ಬಂದುವು. ಈ ಅನ್ಯಾಯದ ಗುರುತು ನೋಟಿನಲ್ಲಿಲ್ಲ. ಯಾತನೆಯನ್ನು ಅಲಂಕಾರವಾಗಿಸದೆ ಸಾಧನೆಯನ್ನು ಮೆರೆಸಿದುದು ಯೋಗ್ಯವೇ ಎಂದು ನನ್ನ ಅಭಿಪ್ರಾಯ. ಆದರೆ ಆ ಮೌನ ಕ್ಷಮ್ಯವಾಗಬೇಕಾದರೆ, ನೋಟಿನಲ್ಲಿ ಹೇಳದ ಕಥೆಯನ್ನು ರಾಜ್ಯವು ಶಾಲೆಯ ಪಾಠದಲ್ಲಿಯೂ ಸಾರ್ವಜನಿಕ ಸ್ಮರಣೆಯಲ್ಲಿಯೂ ಬಿಡದೆ ಹೇಳುತ್ತಿರಬೇಕು.

ನಮ್ಮ ದೇಶದ ಕಡೆಗೆ ತಿರುಗಿದರೆ, ಮುಖದ ನಿಷ್ಠೆಯ ವಿಷಯದಲ್ಲಿ ನಾವು ತಲೆತಗ್ಗಿಸಬೇಕಾಗಿಲ್ಲ. ಸ್ವಾತಂತ್ರ್ಯಾನಂತರ ಮಹಾತ್ಮಾ ಗಾಂಧಿಯವರ ಚಿತ್ರವನ್ನು ಮೊದಲು ಆಲೋಚಿಸಿ, ಅಂತಿಮವಾಗಿ ಸಾರನಾಥದ ಸಿಂಹಶಿರವನ್ನು ಒಪ್ಪಿಕೊಂಡುದು, 1969ರ ಶತಾಬ್ದಿಯಲ್ಲಿ ಸೇವಾಗ್ರಾಮದ ಹಿನ್ನೆಲೆಯಲ್ಲಿ ಕುಳಿತ ಗಾಂಧಿಯವರನ್ನು ತಂದುದು, 1996ರಿಂದ ಅವರ ಹೆಸರಿನ ಮಾಲಿಕೆಯನ್ನೇ ಆರಂಭಿಸಿದುದು ಎಲ್ಲರೂ ಬಲ್ಲ ಚರಿತ್ರೆ. ಇಂದು ನಾವು ಕಾಣುವ ಆ ನಗೆಮೊಗವು 1946ರ ಛಾಯಾಚಿತ್ರವೊಂದರಲ್ಲಿದ್ದುದೇ ಹೊರತು ಕಲಾವಿದನ ಕಲ್ಪನೆಯದಲ್ಲ. ಕೊರತೆಯಿರುವುದು ಆಯ್ಕೆಯ ವಿಧಾನದಲ್ಲಿ. 1934ರ ರಿಸರ್ವ್ ಬ್ಯಾಂಕ್ ಶಾಸನದ 25ನೆಯ ಪ್ರಕರಣದಂತೆ ನೋಟಿನ ವಿನ್ಯಾಸವನ್ನು ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡುವುದು, ಕೇಂದ್ರ ಸರ್ಕಾರ ಒಪ್ಪುವುದು; ಪ್ರಜೆಯನ್ನು ಕೇಳಬೇಕೆಂಬ ನಿಯಮ ಅದರಲ್ಲಿಲ್ಲ. ಅಂಬೇಡ್ಕರರನ್ನೋ ಟಾಗೋರರನ್ನೋ ರಾಮಾನುಜನ್ನರನ್ನೋ ಗಾಂಧಿಯವರ ಜೊತೆಯಲ್ಲಿ ಗೌರವಿಸಬೇಕೆಂದು ಬಯಸುವವರು ತಮ್ಮ ಕಾರಣಗಳನ್ನು ಮಂಡಿಸಲು, ಅಧಿಕಾರಸ್ಥರು ಅವಕ್ಕೆ ಉತ್ತರಿಸಲು, ಬಹಿರಂಗವಾದ ವೇದಿಕೆಯೊಂದು ಬೇಕು. ಹಾಗೆ ಆರಿಸಿದ ಮೇಲೆ, ಅಚ್ಚಿಗೆ ಹೋಗುವ ಒಂದೊಂದು ರೇಖೆಯನ್ನೂ ಒಂದೊಂದು ವಾಕ್ಯವನ್ನೂ ಆ ಮಹನೀಯರ ಕೃತಿಯನ್ನು ಆಮೂಲಾಗ್ರವಾಗಿ ಓದಿದ ವಿದ್ವಾಂಸರ ಕಣ್ಣಿಗೆ ಹಾಯಿಸಬೇಕು. ಆಸ್ಟೆನ್ನಳ ಕಾದಂಬರಿಯ ಆ ಒಂದು ಅಧ್ಯಾಯವನ್ನು ಪೂರ್ತಿಯಾಗಿ ಓದುವ ತಾಳ್ಮೆ ಇದ್ದಿದ್ದರೆ ಇಂಗ್ಲೆಂಡಿನ ಹತ್ತು ಪೌಂಡಿನ ನೋಟು ಕಪಟಿಯ ಮಾತನ್ನು ಹೊರಬೇಕಾಗಿರಲಿಲ್ಲ. ಅಷ್ಟು ತಾಳ್ಮೆಯನ್ನು ನಮ್ಮ ಹಿರಿಯರು ನಮ್ಮಿಂದ ಅಪೇಕ್ಷಿಸುವುದು ನ್ಯಾಯವಾಗಿದೆ.